ವಾಕರ್ ಅಂದರೆ ನಡೆಯುವವನಲ್ಲ

ಇಂಗ್ಲಿಷ್ ಭಾಷೆಯ ಚರಿತ್ರೆ ಪಾಠ ಶುರು ಮಾಡುವ ದಿನ ನಾನು ಕೇಳುವ ಪ್ರಶ್ನೆ ಒಂದೇ. ವಾಕರ್ ಅನ್ನೋ ಅಡ್ಡಹೆಸರಿಗೆ ಅರ್ಥ ಏನು? ಇಡೀ ಕ್ಲಾಸು ‘ನಡೆಯುವವನು’ ಅನ್ನುತ್ತದೆ. ಜಾನಿ ವಾಕರ್ ಬಾಟಲಿಯ ಮೇಲೆ ಕೋಲು ಹಿಡಿದು ಬಿರಬಿರನೆ ಹೋಗುವವನ ಚಿತ್ರ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಆ ಚಿತ್ರ ಬಂದದ್ದು 1908ರಲ್ಲಿ. ಹೆಸರು ಅದಕ್ಕಿಂತ ನೂರಾರು ವರ್ಷ ಹಳೆಯದು.

ವಾಕರ್ ಬಟ್ಟೆ ಕೆಲಸದವನು. ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆ ಜಾಳುಜಾಳಾಗಿರುತ್ತದೆ, ಜಿಡ್ಡು ಬೇರೆ. ಅದನ್ನು ನೀರಿನ ತೊಟ್ಟಿಗೆ ಹಾಕಿ, ಒಂದು ಬಗೆಯ ಜೇಡಿಮಣ್ಣನ್ನೋ ಹಲವು ದಿನ ಇಟ್ಟ ಮೂತ್ರವನ್ನೋ ಸುರಿದು, ಬರಿಗಾಲಲ್ಲಿ ಗಂಟೆಗಟ್ಟಲೆ ತುಳಿಯಬೇಕು. ಮೂತ್ರ ಹಳತಾದರೆ ಅಮೋನಿಯ ಹುಟ್ಟುತ್ತದೆ, ಜಿಡ್ಡು ಬಿಡಿಸುವುದು ಅದೇ. ಮಣ್ಣು ನಮಗೂ ಗೊತ್ತಿರುವುದೇ. ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿ ಆ ಜಾತಿಯದು. ತುಳಿದಷ್ಟೂ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗುತ್ತದೆ, ದಪ್ಪವಾಗುತ್ತದೆ. ಆಮೇಲೆ ಅದು ಚಳಿಗಾಳಿ ತಡೆಯುತ್ತದೆ. ಆ ನಾತದಲ್ಲಿ ದಿನವಿಡೀ ನಿಂತು ತುಳಿದವನೇ ವಾಕರ್. ಅವನಿಗೆ ಸಲ್ಲಬೇಕಾದ ಗೌರವವನ್ನು ನಾವು ಸುಮ್ನೆ ಒಬ್ಬ ದಾರಿಹೋಕನಿಗೆ ಕೊಟ್ಟುಬಿಟ್ಟಿದ್ದೇವೆ ಅಲ್ವಾ ಅಂತ ನನಗೆ ಬೇಜಾರು.

ಹಳೆಯ ಇಂಗ್ಲಿಷಿನಲ್ಲಿ ‘ವಾಕ್’ ಅನ್ನುವ ಮಾತಿನ ಮೂಲ ಅರ್ಥ ಉರುಳಿಸು, ಹೊರಳಿಸು ಎಂದು. ಅದು ಬಟ್ಟೆ ತುಳಿಯುವುದಕ್ಕೆ ನಿಂತಿತು. ‘ನಡೆ’ ಅನ್ನುವ ಅರ್ಥ ಬಂದದ್ದು ಆಮೇಲೆ.

ಇನ್ನೂ ಚೆಂದದ ಸಂಗತಿ ಇದೆ. ಇದೇ ಕಸುಬಿಗೆ ಇಂಗ್ಲೆಂಡಿನಲ್ಲಿ ಮೂರು ಅಡ್ಡಹೆಸರು. ಉತ್ತರದ ಕಡೆ ವಾಕರ್, ಆಗ್ನೇಯದಲ್ಲಿ ಫುಲ್ಲರ್, ನೈಋತ್ಯದ ಡೆವನ್ ಮತ್ತು ಸಾಮರ್‌ಸೆಟ್ ಕಡೆ ಟಕರ್. ಟಕರ್ ಹುಟ್ಟಿದ್ದು ‘ಹಿಂಸೆ ಕೊಡು’ ಅನ್ನುವ ಹಳೆಯ ಕ್ರಿಯಾಪದದಿಂದ. ಬಟ್ಟೆಯನ್ನು ಅಷ್ಟು ಬಡಿಯುತ್ತಿದ್ದರು! ಎಕ್ಸೆಟರ್ ಊರಿನಲ್ಲಿ ಈ ಕಸುಬಿನವರ ಸಂಘದ ಕಟ್ಟಡ ಟಕರ್ಸ್ ಹಾಲ್ ಇವತ್ತಿಗೂ ಇದೆ. ಕಟ್ಟಿದ್ದು 1471ರಲ್ಲಿ.

ಹಾಗಂತ ಇವತ್ತಿನ ಪ್ರತಿಯೊಬ್ಬ ವಾಕರ್‌ನ ಅಜ್ಜ ಮುತ್ತಜ್ಜ ಬಟ್ಟೆ ತುಳಿದಿದ್ದ ಅನ್ನಲಾಗದು. ಅಮೆರಿಕದಲ್ಲಿ ಗುಲಾಮರಾಗಿದ್ದವರ ಎಷ್ಟೋ ಮನೆತನಗಳಿಗೆ ಇಂಥ ಇಂಗ್ಲಿಷ್ ಹೆಸರುಗಳು ಅಂಟಿದ್ದು ಬೇರೆಯದೇ ದಾರಿಯಲ್ಲಿ.

ಇಂಗ್ಲೆಂಡಿನಲ್ಲಿ 12ನೇ ಶತಮಾನದಿಂದಲೇ ಈ ಕಸುಬಿಗೂ ನೀರಿನಿಂದ ಓಡುವ ಗಿರಣಿಗಳು ಬಂದವು, ಕಾಲಿನ ಕೆಲಸವನ್ನು ಮರದ ಸುತ್ತಿಗೆಗಳು ಮಾಡತೊಡಗಿದವು. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲಿ ಮಾತ್ರ ಹೆಂಗಸರು ಉದ್ದನೆಯ ಹಲಗೆಯ ಸುತ್ತ ಕೂತು, ಗೇಲಿಕ್ ಹಾಡು ಹೇಳುತ್ತಾ, ಒದ್ದೆ ಟ್ವೀಡ್ ಬಟ್ಟೆಯನ್ನು ತಾಳಕ್ಕೆ ಸರಿಯಾಗಿ ಬಡಿಯುತ್ತಿದ್ದರು. 20ನೇ ಶತಮಾನದಲ್ಲೂ ಇದು ನಡೆದಿತ್ತು. ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರು ‘ವಾಕಿಂಗ್’.