ಉಯಿಲಿನ ಫಾರಂ ಯಾವ ವೆಬ್‌ಸೈಟಿನಲ್ಲಿ ಸಿಗುತ್ತೆ?

ಪ್ರಶ್ನೆ: ಉಯಿಲು ಬರೆಯಬೇಕು ಅಂತಿದ್ದೇನೆ. ಇಂಟರ್‌ನೆಟ್ಟಿನಲ್ಲಿ ಹತ್ತಾರು ಫಾರಂಗಳಿವೆ. ಯಾವುದನ್ನು ನಂಬಬಹುದು? ಎಷ್ಟು ರೂಪಾಯಿ ಸ್ಟ್ಯಾಂಪ್ ಪೇಪರ್ ತರಬೇಕು?

ಉತ್ತರ: ಕೊನೆಯ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಇವತ್ತು ಮೊದಲು ಅದನ್ನೇ ಮುಗಿಸುತ್ತೇನೆ. ಉಯಿಲಿಗೆ ಸ್ಟ್ಯಾಂಪ್ ಪೇಪರ್ ಬೇಡ. ನೂರು ರೂಪಾಯಿಯದೂ ಬೇಡ, ಇಪ್ಪತ್ತು ರೂಪಾಯಿಯದೂ ಬೇಡ. ಬಿಳಿ ಹಾಳೆ ಸಾಕು.

ಜನ ಯಾಕೆ ನಂಬಲ್ಲ ಅನ್ನೋದು ನನಗೆ ಗೊತ್ತು. ಮನೆಯ ಬೀರು ತೆಗೆದರೆ ಕ್ರಯಪತ್ರ, ಬಾಡಿಗೆ ಕರಾರು, ಎಲ್ಲವೂ ಸ್ಟ್ಯಾಂಪ್ ಪೇಪರಿನಲ್ಲೇ ಇರುತ್ತವೆ. ಹಾಗಾಗಿ ಬಲ ಇರೋದೇ ಆ ಕಾಗದದಲ್ಲಿ ಅನ್ನಿಸುತ್ತದೆ. ಆದರೆ ಅದು ಸರ್ಕಾರಕ್ಕೆ ಶುಲ್ಕ ಕಟ್ಟಿದ್ದಕ್ಕೆ ಗುರುತು, ಅಷ್ಟೇ. ಮಾರಾಟಕ್ಕೆ ಆ ಶುಲ್ಕ ಇದೆ, ಬಾಡಿಗೆಗೆ ಇದೆ, ಉಯಿಲಿಗೆ ಇಲ್ಲ. ಒಳಗೆ ಬರೆದದ್ದು ಸರಿಯೋ ತಪ್ಪೋ ಅಂತ ಆ ಕಾಗದ ಹೇಳೋದಿಲ್ಲ.

ಕಾನೂನು ಕೇಳೋದು ಬೇರೆಯದನ್ನು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ನೋಡಿ. ಉಯಿಲು ಬರೆದವರ ಸಹಿ ಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಬರೆದವರು ಸಹಿ ಹಾಕಿದ್ದನ್ನು ಸಾಕ್ಷಿಗಳು ಕಣ್ಣಾರೆ ನೋಡಿರಬೇಕು, ಇಲ್ಲವೇ 'ಇದು ನನ್ನದೇ ಸಹಿ' ಅಂತ ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಅವರ ಎದುರಿಗೇ ತಾವೂ ಸಹಿ ಹಾಕಬೇಕು. (ಮುಸ್ಲಿಮರ ಉಯಿಲಿಗೆ ನಿಯಮ ಬೇರೆ. ಅವರು ಇದನ್ನು ಅನುಸರಿಸಬೇಕಿಲ್ಲ.)

ಒಮ್ಮೆ ಒಬ್ಬರು ತೀರಿಹೋದ ತಂದೆಯ ಉಯಿಲು ತಂದಿದ್ದರು. ಒಳ್ಳೆ ಸ್ಟ್ಯಾಂಪ್ ಪೇಪರ್, ಪುಟಪುಟಕ್ಕೂ ನೋಟರಿ ಸೀಲ್. ಮೊದಲ ಪುಟದ ಮೇಲ್ಗಡೆ 'ಕೌಂಟಿ ಆಫ್' ಅಂತಿತ್ತು, ಅದರ ಮುಂದೆ ಖಾಲಿ ಗೆರೆ. ಕೌಂಟಿ ಅಂದರೆ ಅಮೆರಿಕದಲ್ಲಿ ನಮ್ಮ ಜಿಲ್ಲೆಯ ಹಾಗೆ. ಅಮೆರಿಕದ ಫಾರಂ! ಕೊನೆಯ ಪುಟದಲ್ಲಿ ಸಾಕ್ಷಿ ಒಂದು, ಸಾಕ್ಷಿ ಎರಡು ಅಂತ ಚುಕ್ಕಿ ಸಾಲುಗಳಿದ್ದವು. ಎರಡೂ ಖಾಲಿ. "ನೋಟರಿ ಮುಂದೆಯೇ ಸಹಿ ಆಗಿದೆಯಲ್ಲ ಸಾರ್" ಅಂದರು. ಏನು ಹೇಳಲಿ? ನೋಟರಿಯ ಸೀಲು ಇಬ್ಬರು ಸಾಕ್ಷಿಗಳ ಜಾಗ ತುಂಬಲ್ಲ. ಅವರ ತಂದೆ ಪಾಪ ಎಲ್ಲ ಸರಿಯಾಗಿ ಮಾಡಿದ್ದೇನೆ ಅಂದುಕೊಂಡೇ ಹೋಗಿದ್ದರು.

ಅಮೆರಿಕದ ಹಲವು ರಾಜ್ಯಗಳಲ್ಲಿ ಸಾಕ್ಷಿಗಳು ನೋಟರಿ ಎದುರು ಪ್ರಮಾಣಪತ್ರ ಕೊಟ್ಟುಬಿಟ್ಟರೆ ಮುಂದೆ ಕೋರ್ಟಿಗೆ ಬರಬೇಕಾಗಿಲ್ಲ. ನಮ್ಮಲ್ಲಿ ಹಾಗಲ್ಲ. ಉಯಿಲಿನ ಮೇಲೆ ಕೇಸ್ ಬಿದ್ದರೆ, ಸಾಕ್ಷಿಗಳು ಬದುಕಿದ್ದರೆ, ಕನಿಷ್ಠ ಒಬ್ಬರಾದರೂ ಬಂದು ಹೇಳಬೇಕು. ಅದಕ್ಕೇ ನಿಮಗಿಂತ ಚಿಕ್ಕ ವಯಸ್ಸಿನವರನ್ನು, ಆಸ್ತಿಯಲ್ಲಿ ಪಾಲಿಲ್ಲದವರನ್ನು ಸಾಕ್ಷಿಗೆ ಕರೆಯಿರಿ.

ಉಯಿಲು ರಿಜಿಸ್ಟರ್ ಮಾಡಿಸೋದೂ ಕಡ್ಡಾಯವಲ್ಲ. ಮಾಡಿಸಿದರೆ ಒಳ್ಳೆಯದೇ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಕಲು ಉಳಿಯುತ್ತದೆ. ಆದರೆ ರಿಜಿಸ್ಟರ್ ಆದ ಮಾತ್ರಕ್ಕೆ ಯಾರೂ ಪ್ರಶ್ನಿಸುವಂತಿಲ್ಲ ಅಂದುಕೊಳ್ಳಬೇಡಿ. ನಮ್ಮ ಮೈಸೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ಕೇಸಿನ ತೀರ್ಪು 1958ರದು. ಉಯಿಲು ಬರೆಸಲು ಮುಂದೆ ನಿಂತವರಿಗೇ ದೊಡ್ಡ ಪಾಲು ಸಿಕ್ಕಿದ್ದರೆ, ಆ ಅನುಮಾನ ಹೋಗಲಾಡಿಸುವ ಹೊಣೆ ಉಯಿಲನ್ನು ಮುಂದಿಡುವವರದೇ ಅಂತ ಅದು ಹೇಳಿತು. ಇವತ್ತಿಗೂ ಕೋರ್ಟುಗಳು ಅದನ್ನೇ ಉದ್ಧರಿಸುತ್ತವೆ.

ಈಗ ಫಾರಂ ವಿಷಯ. ಉಯಿಲಿಗೆ ಇಂಥದ್ದೇ ಫಾರಂ ಅಂತ ಕಾನೂನಿನಲ್ಲಿ ಇಲ್ಲವೇ ಇಲ್ಲ. ಕಾನೂನಿನ ಭಾಷೆಯೂ ಬೇಡ, ನಿಮ್ಮ ಮನಸ್ಸಿನಲ್ಲಿರೋದು ಓದಿದವರಿಗೆ ತಿಳಿದರೆ ಸಾಕು ಅಂತ ಅದೇ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ಕನ್ನಡದಲ್ಲೇ ಬರೆಯಿರಿ. ಮಾದರಿ ಇದ್ದರೆ ಧೈರ್ಯ ಅನ್ನಿಸಿದರೆ, ಯಾವ ದೇಶದ ಕಾಯ್ದೆಯ ಹೆಸರಿದೆ, ಇಬ್ಬರು ಸಾಕ್ಷಿಗಳಿಗೆ ಜಾಗವಿದೆಯಾ ಅಂತ ನೋಡಿಯೇ ಇಳಿಸಿಕೊಳ್ಳಿ. ಕಾಯ್ದೆಯ ಮೂಲ ಪಠ್ಯ ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಪಾಸ್‌ಪೋರ್ಟ್, ಮದುವೆ ನೋಂದಣಿ ತರಹದ ಅರ್ಜಿಗಳ ಕಥೆ ಬೇರೆ. ಅರ್ಜಿ ತೆಗೆದುಕೊಳ್ಳುವ ಇಲಾಖೆಯ ತಾಣದಿಂದಲೇ ಫಾರಂ ತೆಗೆಯಿರಿ, ದುಡ್ಡು ಕೊಟ್ಟು ಬೇರೆ ಕಡೆ ಕೊಳ್ಳಬೇಡಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿ ನೋಡದೆ ನೆರವು ಕೊಡುತ್ತಾರೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 'ಬ್ಯಾಂಕಿನಲ್ಲಿ ನಾಮಿನಿ ಹೆಸರು ಕೊಟ್ಟಿದ್ದೀನಲ್ಲ, ಉಯಿಲು ಯಾಕೆ' ಅಂತ ಸುಮ್ನೆ ಕೂತವರು ತುಂಬಾ ಜನ. ಬ್ಯಾಂಕು ದುಡ್ಡನ್ನು ಯಾರ ಕೈಗೆ ಕೊಡಬೇಕು ಅನ್ನೋದಕ್ಕಷ್ಟೇ ನಾಮಿನಿ. ಆ ದುಡ್ಡು ಯಾರಿಗೆ ಸೇರಬೇಕು ಅನ್ನೋದು ಬೇರೆ ಮಾತು. ಷೇರುಗಳ ವಿಷಯದಲ್ಲೂ ನಾಮಿನಿ ಮಾಲೀಕನಲ್ಲ ಅಂತ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಫ್‌ಡಿಗೆ ಹಿರಿಮಗ ನಾಮಿನಿ ಆಗಿದ್ದು, ಅದನ್ನು ಮಗಳಿಗೆ ಕೊಡುವ ಆಸೆ ನಿಮಗಿದ್ದರೆ, ಬ್ಯಾಂಕಿನ ಹೆಸರು, ಎಫ್‌ಡಿ ನಂಬರ್ ಸಮೇತ ಆ ಮಾತನ್ನು ಉಯಿಲಿನಲ್ಲಿ ಬರೆಯಿರಿ.