ಮಗುವಿನ ಪೂರ್ತಿ ಕಥೆ ಯಾರಿಗೆ ಗೊತ್ತು?

ಮೂಡಿಗೆರೆ ಕಡೆಯ ಒಂದು ಹಳ್ಳಿಯಲ್ಲಿ ನಮ್ಮಕ್ಕನ ಮನೆ. ಅಡುಗೆಮನೆ ಗೋಡೆಯ ಮೊಳೆಗೆ ಬಟ್ಟೆ ಅಂಗಡಿಯದೊಂದು ಪ್ಲಾಸ್ಟಿಕ್ ಕವರ್ ನೇತಾಡುತ್ತಿರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಒಲೆಯ ಬಿಸಿ ತಾಗುವ ಜಾಗದಲ್ಲಿ ಇಟ್ಟಿದ್ದಾಳೆ. ಒಳಗಿರುವುದು ಅವಳ ಮಗನ ಕಾಗದಗಳು. ತಾಯಿ ಕಾರ್ಡು, ಹೆರಿಗೆಯಾದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಪ್ಲಾಸ್ಟರ್ ಹಾಕಿಸಿದ ಕಡೆಯ ಚೀಟಿಗಳ ಕಟ್ಟು, ಅಂಗನವಾಡಿಯವರು ತೂಕ ಬರೆದುಕೊಟ್ಟದ್ದು, ಜ್ವರ ಬಂದಾಗ ಪೇಟೆಯ ಪ್ರೈವೇಟ್ ಡಾಕ್ಟರು ಕೊಟ್ಟ ಫೈಲು.

ಮಗು ಹುಟ್ಟಿದಾಗ ಎರಡೂ ಪಾದ ಒಳಕ್ಕೆ ತಿರುಚಿಕೊಂಡಿದ್ದವು. ಕ್ಲಬ್ ಫೂಟ್ ಅಂತಾರೆ. ಬೇಗ ಶುರು ಮಾಡಿದರೆ ಸರಿಹೋಗುವಂಥದ್ದೇ. ವಾರವಾರ ಪಾದವನ್ನು ಸ್ವಲ್ಪಸ್ವಲ್ಪವೇ ನೇರಕ್ಕೆ ತಂದು, ಕಾಲ್ಬೆರಳಿನಿಂದ ತೊಡೆಸಂದಿಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಐದಾರು ಪ್ಲಾಸ್ಟರ್ ಆದ ಮೇಲೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ (ಟೆಂಡನ್) ಸಣ್ಣದೊಂದು ಕೊಯ್ತ ಇರುತ್ತದೆ. ಆಮೇಲೆ ಬೂಟು. ಎರಡು ಪುಟ್ಟ ಬೂಟು, ನಡುವೆ ಒಂದು ಪಟ್ಟಿ. ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕೈದು ವರ್ಷ ತುಂಬುವವರೆಗೆ ಮಲಗುವಾಗ. ಬೂಟು ಬಿಟ್ಟರೆ ಪಾದ ಮತ್ತೆ ತಿರುಗಿಕೊಳ್ಳುತ್ತದೆ.

ತೊಂದರೆ ಶುರುವಾಗಿದ್ದು ಒಂದೂವರೆ ತಿಂಗಳ ಚುಚ್ಚುಮದ್ದಿಗೆ. ಆ ಚುಚ್ಚುಮದ್ದು ಹಾಕುವುದು ತೊಡೆಗೆ. ಮಗುವಿನ ತೊಡೆಯೆಲ್ಲ ಪ್ಲಾಸ್ಟರ್. 'ಪ್ಲಾಸ್ಟರ್ ತೆಗೆದ ಮೇಲೆ ಕರ್ಕೊಂಡು ಬನ್ನಿ' ಅಂತ ವಾಪಸ್ ಕಳಿಸಿದರು. ಅದು ಪೂರ್ತಿ ತೆಗೆಯಲು ಇನ್ನೂ ತಿಂಗಳ ಮೇಲಿತ್ತು. ಪ್ಲಾಸ್ಟರ್ ಹಾಕುವ ಕಡೆ ಕೇಳಿದರೆ ಚುಚ್ಚುಮದ್ದು ನಮ್ಮ ವಿಭಾಗ ಅಲ್ಲ ಅಂದರು. ಪ್ರತಿ ವಾರ ಹಳೆ ಪ್ಲಾಸ್ಟರ್ ಬಿಚ್ಚಿ ಹೊಸದು ಹಾಕುವ ನಡುವೆ ತೊಡೆ ಬರಿದಾಗಿಯೇ ಇರುತ್ತದೆ, ಅಲ್ವಾ? ಅದೇ ಹೊತ್ತಿಗೆ ಚುಚ್ಚಿದ್ದರೆ ಮುಗಿಯುತ್ತಿತ್ತು. ಇಬ್ಬರ ನಡುವೆ ಒಂದು ಫೋನ್ ಸಾಕಿತ್ತು. ಇಬ್ಬರೂ ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದರು. ಆ ಫೋನ್ ಮಾಡುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ.

ಇದು ಹೇಗೆ ಹೀಗಾಯಿತು ಅಂತ ಹುಡುಕಿಕೊಂಡು ಹೋದರೆ ಸುಮಾರು 80 ವರ್ಷ ಹಿಂದಕ್ಕೆ ಹೋಗಬೇಕು.

1943ರಲ್ಲಿ ಬ್ರಿಟಿಷ್ ಸರ್ಕಾರ ಸರ್ ಜೋಸೆಫ್ ಭೋರ್ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. 1946ರಲ್ಲಿ ವರದಿ ಬಂತು. ಕಾಯಿಲೆ ಬರದಂತೆ ನೋಡಿಕೊಳ್ಳುವುದು ಮತ್ತು ಬಂದ ಕಾಯಿಲೆಗೆ ಮದ್ದು ಕೊಡುವುದು ಒಂದೇ ಕಡೆ ಆಗಬೇಕು, ಹಳ್ಳಿಯ ಹತ್ತಿರವೇ ಆಗಬೇಕು ಅನ್ನುವುದು ಅದರ ತಿರುಳು. ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನುವ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿದ್ದು ಅಲ್ಲಿಂದ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯ ಜೊತೆ ಕೇಂದ್ರಗಳೂ ಶುರುವಾದವು.

ಆದರೆ ಆ ಕಾಲದ ದೊಡ್ಡ ಭಯಗಳೇ ಬೇರೆ. ಮಲೇರಿಯಾ, ಸಿಡುಬು, ಕ್ಷಯ. ಒಂದೊಂದಕ್ಕೆ ಒಂದೊಂದು ಪಡೆ ಕಟ್ಟಿದರು. ಡಿಡಿಟಿ ಹೊಡೆಯುವವರು ಒಂದು ದಿನ ಬರುವರು. ಸಿಡುಬಿಗೆ ದೇವಿ ಹಾಕುವವರು ಇನ್ನೊಂದು ದಿನ. ಕುಟುಂಬ ಯೋಜನೆಯವರು ಮತ್ತೊಂದು ದಿನ. ಮಲೆನಾಡಿನಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗದ್ದೆ, ಹಳ್ಳ, ಏರು. ಅದೇ ದಾರಿಯನ್ನು ಅಷ್ಟೂ ಜನ ಬೇರೆಬೇರೆಯಾಗಿ ನಡೆಯುತ್ತಿದ್ದರು. ಈ ಪಡೆಗಳು ಕೆಲಸ ಮಾಡಲಿಲ್ಲ ಅಂತ ಹೇಳುವ ಹಾಗಿಲ್ಲ. ಸಿಡುಬು ಹೋಯಿತು, ಪೂರ್ತಿ ಹೋಯಿತು. ಆದರೆ ಸಿಡುಬಿನವರ ಪುಸ್ತಕದಲ್ಲಿ ಮಗುವಿನ ತೂಕ ಇರಲಿಲ್ಲ.

1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಇದನ್ನೇ ಎತ್ತಿ ಹೇಳಿತು. ಒಂದೊಂದು ಕಾಯಿಲೆಗೆ ಒಬ್ಬೊಬ್ಬರು ಬೇಡ, ಒಂದಷ್ಟು ಮನೆಗಳಿಗೆ ಒಬ್ಬರು ಇರಲಿ, ಅವರೇ ಎಲ್ಲ ನೋಡಿಕೊಳ್ಳಲಿ ಅಂತ. ನಮ್ಮೂರ ಕಡೆ ಹಿರಿಯರು ಈಗಲೂ 'ನರ್ಸಮ್ಮ' ಅಂತಾರಲ್ಲ, ಆ ನರ್ಸಮ್ಮನ ಕೆಲಸ ಈ ರೂಪಕ್ಕೆ ಬಂದಿದ್ದು ಹೀಗೆ.

ಎರಡೇ ವರ್ಷಕ್ಕೆ ಅಂಗನವಾಡಿ ಬಂತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಈ ಯೋಜನೆಗೆ ಕರ್ನಾಟಕದಲ್ಲಿ ಆರಿಸಿಕೊಂಡಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಊಟ, ತೂಕ, ಆಟಪಾಠ, ಚುಚ್ಚುಮದ್ದು ಎಲ್ಲ ಒಂದೇ ಸೂರಿನಡಿ ಸಿಗಲಿ ಅನ್ನುವ ಆಸೆ ಅದರಲ್ಲಿತ್ತು. ಆದರೆ ಅಂಗನವಾಡಿ ಒಂದು ಇಲಾಖೆಗೆ ಹೋಯಿತು, ಆಸ್ಪತ್ರೆ ಇನ್ನೊಂದರಲ್ಲಿ ಉಳಿಯಿತು. ಮಗುವಿನ ಊಟದ ಲೆಕ್ಕ ಒಂದು ಕಡೆ, ಕಾಯಿಲೆಯ ಲೆಕ್ಕ ಇನ್ನೊಂದು ಕಡೆ. ನನ್ನ ಮಟ್ಟಿಗೆ ಇವತ್ತಿನ ಗಂಟಿನ ಬಹುಪಾಲು ಬಿದ್ದಿದ್ದು ಇಲ್ಲೇ.

ಅಂಗನವಾಡಿಯ ಗೋಡೆಯಲ್ಲಿ, ತಾಯಿ ಕಾರ್ಡಿನಲ್ಲಿ ಇರುವ ಆ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳ ಬೆಳವಣಿಗೆ ನಕ್ಷೆಗೂ ಒಂದು ಕಥೆಯಿದೆ. ಡೇವಿಡ್ ಮಾರ್ಲೆ ಅನ್ನುವ ಬ್ರಿಟಿಷ್ ಮಕ್ಕಳ ಡಾಕ್ಟರು 1950ರ ದಶಕದಲ್ಲಿ ನೈಜೀರಿಯಾದ ಇಮೆಸಿ ಅನ್ನುವ ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದರು. ಮಗುವಿನ ತೂಕವನ್ನು ತಿಂಗಳು ತಿಂಗಳು ಚುಕ್ಕಿ ಇಟ್ಟು ಗೆರೆ ಎಳೆಯುವ ಕಾರ್ಡನ್ನು ಅಲ್ಲಿ ರೂಪಿಸಿದರು. ಗೆರೆ ಮೇಲಕ್ಕೆ ಹೋದರೆ ಮಗು ಚೆನ್ನಾಗಿದೆ, ಅಡ್ಡಡ್ಡ ಹೋದರೆ ಏನೋ ಸರಿಯಿಲ್ಲ. ಓದು ಬಾರದ ತಾಯಿಗೂ ಗೊತ್ತಾಗುತ್ತದೆ. ಇದಕ್ಕಿಂತ ದೊಡ್ಡ ವಿಷಯ ಅಂದರೆ, ಆ ಕಾರ್ಡನ್ನು ಅವರು ಆಸ್ಪತ್ರೆಯ ಕಪಾಟಿನಲ್ಲಿ ಇಡಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಾಯಿಯ ಕೈಗೇ ಕೊಟ್ಟರು. ಮಗುವಿನ ಜೊತೆ ಯಾವಾಗಲೂ ಇರುವವಳು ಅವಳು, ದಾಖಲೆಯೂ ಅವಳ ಹತ್ತಿರವೇ ಇರಲಿ ಅಂತ. ಇದನ್ನು ಮೊದಲ ಸಲ ಓದಿದಾಗ ನನಗೆ ಅಕ್ಕನ ಅಡುಗೆಮನೆಯ ಕವರ್ ಕಣ್ಣಿಗೆ ಬಂತು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಮೆರಿಕದಲ್ಲಿ ಇದೇ ತಲೆನೋವು ಬೇರೆ ದಾರಿಯಲ್ಲಿ ಬಂದಿತ್ತು. ಅಲ್ಲಿ ಹುಟ್ಟಿನಿಂದ ತೊಂದರೆ ಇರುವ ಮಕ್ಕಳು ನಾಲ್ಕಾರು ತಜ್ಞರ ಹತ್ತಿರ ಓಡಾಡುತ್ತಿದ್ದರು, ಕಾಗದಗಳು ಚೆಲ್ಲಾಪಿಲ್ಲಿ. 1967ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 'ಮೆಡಿಕಲ್ ಹೋಮ್' ಅನ್ನುವ ಮಾತನ್ನು ಬಳಸಿತು. ಆಗ ಅದರ ಅರ್ಥ ಇಷ್ಟೇ, ಮಗುವಿನ ಎಲ್ಲ ದಾಖಲೆ ಇರುವ ಒಂದು ಜಾಗ. ಹವಾಯಿಯ ಮಕ್ಕಳ ಡಾಕ್ಟರು ಕ್ಯಾಲ್ವಿನ್ ಸಿಯಾ ಮತ್ತು ಅವರಂಥವರು ದಶಕಗಳ ಕಾಲ ಹಟ ಹಿಡಿದು ಆ ಮಾತನ್ನು ಬೆಳೆಸಿದರು. 1992ರಲ್ಲಿ ಅಕಾಡೆಮಿ ಅದನ್ನು ತನ್ನ ನೀತಿಯಾಗಿಸಿಕೊಂಡಿತು. 2002ರ ಹೊತ್ತಿಗೆ ಅದು ಬರೀ ಕಾಗದದ ಮಾತಾಗಿ ಉಳಿದಿರಲಿಲ್ಲ. ಕೈಗೆಟುಕುವಂತಿರಬೇಕು, ನಡುವೆ ಕಡಿಯಬಾರದು, ಮನೆಯವರನ್ನು ಜೊತೆಗಿಟ್ಟುಕೊಳ್ಳಬೇಕು, ಬೇರೆಬೇರೆಯವರ ಕೆಲಸವನ್ನು ಒಬ್ಬರು ಜೋಡಿಸಬೇಕು ಅಂತೆಲ್ಲ ಬಿಡಿಸಿ ಹೇಳಿದರು.

ಆ ಹೆಸರನ್ನು ಕನ್ನಡಕ್ಕೆ ಏನಂತ ತರುವುದು? ನನಗೆ ತೋಚುವುದು ತವರು. ತವರಿಗೆ ಹೋದರೆ ನಿನಗೇನು ಇಷ್ಟ, ಯಾವುದು ಆಗಿಬರಲ್ಲ ಅಂತ ಯಾರೂ ಹೊಸದಾಗಿ ಕೇಳುವುದಿಲ್ಲ. ಬಾಗಿಲಲ್ಲಿ ಮುಖ ನೋಡಿಯೇ ಗೊತ್ತಾಗುತ್ತದೆ. ಅಕ್ಕ ಹೋದ ಪ್ರತಿ ಆಸ್ಪತ್ರೆಯಲ್ಲೂ 'ಹುಟ್ಟಿದಾಗ ತೂಕ ಎಷ್ಟಿತ್ತು?' ಅನ್ನುವ ಪ್ರಶ್ನೆಯಿಂದಲೇ ಶುರು.

1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಆಲ್ಮಾ ಆಟಾದಲ್ಲಿ ಜಗತ್ತಿನ ಬಹುತೇಕ ದೇಶಗಳು ಸೇರಿ ಪ್ರಾಥಮಿಕ ಆರೋಗ್ಯವೇ ಅಡಿಪಾಯ ಅಂತ ಒಪ್ಪಿಕೊಂಡವು. ಆದರೆ ಮುಂದಿನ ವರ್ಷವೇ ಗಾಳಿ ತಿರುಗಿತು. ಅಷ್ಟೆಲ್ಲ ಮಾಡಲು ದುಡ್ಡಿಲ್ಲ, ಜಾಸ್ತಿ ಜೀವ ಉಳಿಸುವ ಕೆಲವನ್ನೇ ಆರಿಸಿಕೊಂಡು ಮಾಡೋಣ ಅನ್ನುವ ವಾದ ಬಂತು. ಚುಚ್ಚುಮದ್ದು, ಓಆರ್‌ಎಸ್, ಎದೆಹಾಲು, ಬೆಳವಣಿಗೆ ನಕ್ಷೆ. ನಮ್ಮಲ್ಲಿ 1985ರಲ್ಲಿ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಶುರುವಾಯಿತು. ಇವು ಲಕ್ಷಗಟ್ಟಲೆ ಮಕ್ಕಳನ್ನು ಉಳಿಸಿವೆ. ನಮ್ಮ ಅಜ್ಜಿ ಹೆತ್ತ ಮಕ್ಕಳಲ್ಲಿ ಇಬ್ಬರು ಐದು ವರ್ಷದೊಳಗೇ ಹೋದರು. ಹಾಗಾಗಿ ಲಸಿಕೆಯ ಬಗ್ಗೆ ನಾನು ಹಗುರವಾಗಿ ಮಾತಾಡಲಾರೆ. ಆದರೆ ಜೀವ ಉಳಿದ ಮೇಲೆ ಆ ಮಗು ನಡೆಯುವುದು, ಮಾತಾಡುವುದು, ಕೇಳಿಸಿಕೊಳ್ಳುವುದು ಯಾರ ಪಟ್ಟಿಯಲ್ಲೂ ಬಹಳ ವರ್ಷ ಇರಲಿಲ್ಲ.

ಅದು ಪಟ್ಟಿಗೆ ಬಂದಿದ್ದು 2013ರಲ್ಲಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಿಂದ. ಹುಟ್ಟಿನಿಂದ 18 ವರ್ಷದವರೆಗೆ, ಶುರುವಿನಲ್ಲಿ 30 ಬಗೆಯ ತೊಂದರೆ. ಕ್ಲಬ್ ಫೂಟ್, ಸೀಳುತುಟಿ, ಹೃದಯದ ತೂತು, ಕಿವುಡು ಎಲ್ಲ ಇದರಲ್ಲಿವೆ. ಡಾಕ್ಟರ ತಂಡ ಜೀಪಿನಲ್ಲಿ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು. ಪತ್ತೆಯಾದ ಮಗುವಿಗೆ ಚಿಕಿತ್ಸೆ ಉಚಿತ. ಇಷ್ಟು ಒಳ್ಳೆ ಯೋಜನೆ ನಮ್ಮಲ್ಲಿ ಕಮ್ಮಿ.

ಇದಕ್ಕೂ ಮೊದಲು, 2005ರಲ್ಲಿ ಆಶಾ ಕಾರ್ಯಕರ್ತೆಯರು ಬಂದಿದ್ದರು. ಸಾವಿರ ಜನಕ್ಕೆ ಒಬ್ಬರು, ಅದೇ ಊರಿನವರು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಮನೆಮನೆಯಲ್ಲಿ ಹಸುಗೂಸು ನೋಡಿಕೊಳ್ಳುವುದನ್ನು ಕಲಿಸಿದರು. ಕೂಸುಗಳ ಸಾವು ಅರ್ಧಕ್ಕಿಂತ ಜಾಸ್ತಿ ಇಳಿಯಿತು. 2011ರಲ್ಲಿ ಅದೇ ಕೆಲಸ ದೇಶಕ್ಕೆಲ್ಲ ಬಂತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಬರುತ್ತಾರೆ. 2018ರಿಂದ 3, 6, 9, 12, 15ನೇ ತಿಂಗಳಿಗೂ ಬರುತ್ತಾರೆ. ಈ ಐದು ಭೇಟಿಗೆ ಅವರಿಗೆ ಸಿಗುವುದು 250 ರೂಪಾಯಿ. 15 ತಿಂಗಳಿಗೆ ಆ ಪಟ್ಟಿ ಮುಗಿಯುತ್ತದೆ. ಅಕ್ಕನ ಮಗ ಆಗ ಮಲಗುವಾಗ ಬೂಟು ಹಾಕುವ ಹಂತದಲ್ಲಿದ್ದ. ಇನ್ನೂ ಸುಮಾರು ಮೂರು ವರ್ಷ ಬಾಕಿ.

ಲೆಕ್ಕದಲ್ಲಿ ಗುಡ್ಡಗಾಡಿಗೆ ರಿಯಾಯಿತಿ ಇದೆ. ಬಯಲಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡದಲ್ಲಿ 20,000ಕ್ಕೆ. ಉಪಕೇಂದ್ರ ಬಯಲಲ್ಲಿ 5,000ಕ್ಕೆ, ಗುಡ್ಡದಲ್ಲಿ 3,000ಕ್ಕೆ. ಕಡೂರಿನ ಬಯಲಿಗೂ ಕಳಸದ ಗುಡ್ಡಕ್ಕೂ ಇರುವ ವ್ಯತ್ಯಾಸ ತಲೆ ಎಣಿಸಿದರೆ ಸಿಗಲ್ಲ. ಒಂದು ಬಸ್ಸು ತಪ್ಪಿದರೆ ಇಲ್ಲಿ ಒಂದು ದಿನದ ಕೂಲಿ ಹೋಯಿತು. ದೊಡ್ಡ ಕಾಯಿಲೆ ಅಂದರೆ ಚಾರ್ಮಾಡಿ ಇಳಿದು ಮಂಗಳೂರು, ಇಲ್ಲ ಬೇಲೂರಿನ ಮೇಲೆ ಹಾಸನ. ಗುಡ್ಡ ಕುಸಿದ ವಾರ ಮಂಗಳೂರಿನ ದಾರಿಯೂ ಇಲ್ಲ.

ಕಾಫಿ ತೋಟದ ಲೈನ್ ಮನೆಗಳ ಮಕ್ಕಳದು ಇನ್ನೂ ಕಷ್ಟ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳಿಗೆ ಆಸ್ಪತ್ರೆ ಸೌಲಭ್ಯ ಕೊಡಬೇಕು, 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮನೆ ಇರಬೇಕು ಅಂದಿತು. ಆದರೆ ನಮ್ಮ ಕಡೆ ತೋಟಗಳಲ್ಲಿ ಹೆಚ್ಚಿನವು ಸಣ್ಣವು, ಆ ಕಾಯ್ದೆಯ ಅಳತೆಗೆ ಸಿಗುತ್ತಿರಲಿಲ್ಲ. ಈಗ ಕೆಲಸಕ್ಕೆ ಅಸ್ಸಾಂನಿಂದೆಲ್ಲ ಸಂಸಾರ ಸಮೇತ ಬರುತ್ತಾರೆ. ಕಾಫಿ ಹಣ್ಣು ಕೊಯ್ಯುವ ಕಾಲಕ್ಕೆ ಬಂದು, ಮುಗಿದ ಮೇಲೆ ಹೊರಡುತ್ತಾರೆ. ಮಗುವಿನ ಕಾರ್ಡು ಊರಲ್ಲೇ ಉಳಿದಿದ್ದರೆ ಇಲ್ಲಿಯ ನರ್ಸಮ್ಮ ಏನು ಹಾಕಬೇಕು, ಏನು ಬಿಡಬೇಕು? ಭಾಷೆಯೂ ಬಾರದೆ ತಾಯಿ ಬೆರಳು ಎಣಿಸಿ ತೋರಿಸುವುದನ್ನು ನಾನು ನೋಡಿದ್ದೇನೆ.

ಇದಕ್ಕೆಲ್ಲ ಮೊಬೈಲ್ ಉತ್ತರ ಅನ್ನುವ ನಂಬಿಕೆ ಈಗ ಬಲವಾಗಿದೆ. ಲಸಿಕೆಗೆ ಯು-ವಿನ್ ಇದೆ, ಎಲ್ಲಿ ಹೋದರೂ ದಾಖಲೆ ತೆರೆಯಬಹುದು. ವಲಸೆ ಬಂದವರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. ಅಂಗನವಾಡಿಗೆ 2021ರಿಂದ ಪೋಷಣ್ ಟ್ರ್ಯಾಕರ್. ಆದರೆ ಮತ್ತೆ ಊಟ ಒಂದು ಆ್ಯಪಿನಲ್ಲಿ, ಲಸಿಕೆ ಇನ್ನೊಂದರಲ್ಲಿ. 1975ರಲ್ಲಿ ಎರಡು ಪುಸ್ತಕ ಇದ್ದ ಕಡೆ ಈಗ ಎರಡು ಪರದೆ. ಅಂಗನವಾಡಿ ಟೀಚರ್ ಮತ್ತು ನರ್ಸಮ್ಮ ತಿಂಗಳಿಗೊಮ್ಮೆ ಒಂದೇ ಬೆಂಚಿನಲ್ಲಿ ಕೂತು, ಈ ಊರಿನ ಯಾವ ಮಗುವಿಗೆ ಏನು ಬಾಕಿ ಅಂತ ಹೆಸರು ಹಿಡಿದು ಮಾತಾಡಿದರೆ ಆ ಎರಡು ಪರದೆಗಿಂತ ಜಾಸ್ತಿ ಕೆಲಸವಾಗುತ್ತದೆ. ಗ್ರಾಮ ಆರೋಗ್ಯ ಮತ್ತು ಪೌಷ್ಟಿಕ ದಿನ ಅಂತ ಒಂದು ದಿನ ಇದಕ್ಕಾಗಿಯೇ ಇದೆ. ಆ ಮಾತುಕತೆಯಲ್ಲಿ ತಾಯಿಗೂ ಒಂದು ಕುರ್ಚಿ ಬೇಕು. ಯಾವ ಬಸ್ಸಿಗೆ ಬರಲು ಆಗುತ್ತದೆ, ಬೂಟು ಎಲ್ಲಿ ಒತ್ತಿ ಗಾಯವಾಗಿದೆ, ರಾತ್ರಿ ಯಾಕೆ ಬಿಚ್ಚಿಬಿಟ್ಟೆವು ಅನ್ನುವುದು ಅವಳಿಗೆ ಬಿಟ್ಟು ಯಾರಿಗೆ ಗೊತ್ತು?

ಅಕ್ಕನ ಮಗನ ಚುಚ್ಚುಮದ್ದಿನ ಗಂಟು ಬಿಡಿಸಿದ್ದು ಕೊನೆಗೆ ಊರಿನ ಆಶಾ. ಪ್ಲಾಸ್ಟರ್ ಬದಲಿಸುವ ದಿನ ಅಕ್ಕನ ಜೊತೆ ತಾವೇ ಬಸ್ಸು ಹತ್ತಿದರು. ತಾಯಿ ಕಾರ್ಡು ಹಿಡಿದು ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆದು, ಹಳೆ ಪ್ಲಾಸ್ಟರ್ ಬಿಚ್ಚಿದ ಆ ಹೊತ್ತಿಗೇ ಚುಚ್ಚುಮದ್ದು ಹಾಕಿಸಿದರು. ಮಗುವಿಗೆ ಈಗ ಮೂರೂವರೆ ವರ್ಷ. ಅಂಗಳದ ಏರು ಇಳಿದು ಓಡುತ್ತಾನೆ. ಆಶಾ ಅವರ ಪಟ್ಟಿಯಲ್ಲಿ ಅವನ ಹೆಸರು ಈಗಿಲ್ಲ. ಆದರೂ ಪಕ್ಕದ ಮನೆಯ ಕೂಸು ನೋಡಲು ಬಂದಾಗೆಲ್ಲ ಬೇಲಿಯಾಚೆಯಿಂದ ಕೂಗುತ್ತಾರೆ, 'ರಾತ್ರಿ ಬೂಟು ಹಾಕ್ತಿದ್ದೀರಾ ಇಲ್ವಾ?'