ಸಸಿಹಿತ್ಲಲ್ಲಿ ಅಲೆ ಯಾಕೆ ಅಷ್ಟು ಚೆನ್ನಾಗಿ ಒಡೆಯತ್ತೆ

ಸರ್ಫಿಂಗ್ ಕಲೀಬೇಕು, ನಮ್ಮ ಕರಾವಳೀಲಿ ಯಾವ ಬೀಚ್ ಒಳ್ಳೇದು ಅಂತ ಕೇಳಿದ್ರೆ ಜಾಸ್ತಿ ಜನ ಹೇಳೋದು ಫೋಟೋದಲ್ಲಿ ಚೆನ್ನಾಗಿ ಕಾಣೋ ಜಾಗಗಳನ್ನೇ. ಮರವಂತೆ ತಗೊಳ್ಳಿ, ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವೆ ಹೈವೇ, ಅಷ್ಟು ಚಂದದ ಜಾಗ ನಾನಂತೂ ಬೇರೆಲ್ಲೂ ನೋಡಿಲ್ಲ. ಆದ್ರೆ ರಸ್ತೆ ಉಳಿಸೋಕೆ ಅಂತ ಅಲ್ಲಿ ದಡದಲ್ಲಿ ಕಲ್ಲು ಹಾಕಿದಾರೆ, ಅಲೆ ಬಂದು ಕಲ್ಲಿಗೆ ಬಡಿದು ವಾಪಸ್ ಹೋಗತ್ತೆ, ಹಾಗೆ ಹೋಗೋ ನೀರು ಹಿಂದೆ ಬರ್ತಿರೋ ಅಲೆಗೆ ಡಿಕ್ಕಿ ಹೊಡೆದು ಅದನ್ನೂ ಕೆಡಿಸತ್ತೆ. ಅಲ್ಲಿ ನಿಂತು ಕಡಲು ನೋಡಿ, ಬೋರ್ಡ್ ಮಾತ್ರ ಇಳಿಸಬೇಡಿ.

ಮುಲ್ಕಿ ಪಕ್ಕದ ಸಸಿಹಿತ್ಲು ನೋಡೋಕೆ ಸಾಧಾರಣ ಬೀಚು, ಹೆಸರು ಕೇಳಿದವರೂ ಕಮ್ಮಿ ಇದ್ರು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದು ಅಲ್ಲೇ. ಯಾಕೆ ಅಲ್ಲಿ ಅಂತ ಕೇಳಿದ್ರೆ ಉತ್ತರ ಇರೋದು ನೀರಿನ ಅಡಿಯಲ್ಲಿ.

ಮೊದಲು ಅಲೆ ಎಲ್ಲಿಂದ ಬರತ್ತೆ ನೋಡೋಣ. ನಮ್ಮ ದಡಕ್ಕೆ ಬರೋ ಒಳ್ಳೊಳ್ಳೆ ಅಲೆಗಳಲ್ಲಿ ಬಹಳಷ್ಟು ಹುಟ್ಟೋದು ಅಂಟಾರ್ಕ್ಟಿಕಾ ಕಡೆಯ ದಕ್ಷಿಣ ಸಾಗರದಲ್ಲಿ, ಅಲ್ಲಿ ಗಾಳಿಗೆ ಅಡ್ಡ ಬರೋ ನೆಲವೇ ಇಲ್ಲ, ದಿನಗಟ್ಟಲೆ ಒಂದೇ ಸಮ ಬೀಸಿ ಬೀಸಿ ನೀರನ್ನ ಎಬ್ಬಿಸತ್ತೆ. ಅಲ್ಲಿಂದ ಹೊರಟ ಅಲೆಗಳ ಗುಂಪಿನಲ್ಲಿ ಒಂದು ಅಲೆಗೂ ಇನ್ನೊಂದಕ್ಕೂ ನಡುವೆ 14 ಸೆಕೆಂಡ್ ಅಂತರ ಇದೆ ಅಂದ್ಕೊಳ್ಳಿ, ಆಳ ಸಮುದ್ರದಲ್ಲಿ ಆ ಅಲೆಯ ಉದ್ದ, ಅಂದ್ರೆ ಒಂದರ ತುದಿಯಿಂದ ಹಿಂದಿನದರ ತುದಿ ತನಕ, ಸುಮಾರು 300 ಮೀಟರ್, ಗುಂಪು ಗಂಟೆಗೆ 40 ಕಿಲೋಮೀಟರ್ ಹತ್ತಿರ ಸಾಗತ್ತೆ, 6000 ಕಿಲೋಮೀಟರ್ ದಾಟಿ ನಮ್ಮ ಹತ್ರ ಬರೋಕೆ ಆರೇಳು ದಿನ ಬೇಕು. ದಾರೀಲಿ ಉದ್ದದ ಅಲೆಗಳು ಮುಂದೆ ಓಡ್ತವೆ, ಗಿಡ್ಡವು ಹಿಂದೆ ಉಳೀತವೆ, ಹಾಗಾಗಿ ಇಲ್ಲಿ ತಲುಪೋ ಹೊತ್ತಿಗೆ ಸಾಲು ಸಾಲಾಗಿ ನೀಟಾಗಿ ಬರ್ತವೆ. ಇದನ್ನೇ ಸರ್ಫರ್‌ಗಳು ಸ್ವೆಲ್ ಅನ್ನೋದು. ಕೇರಳದಲ್ಲಿ ಗಾಳಿ ಮಳೆ ಏನೂ ಇಲ್ಲದ ದಿನ ದಿಢೀರ್ ಅಂತ ಕಡಲು ಉಕ್ಕಿ ಊರೊಳಗೆ ನುಗ್ಗತ್ತಲ್ಲ, ಕಳ್ಳಕ್ಕಡಲ್ ಅಂತಾರೆ ಅದಕ್ಕೆ, ಅದನ್ನ ತರೋದೂ ಇಂಥ ದೂರದ ಅಲೆಗಳೇ.

ದಡದಲ್ಲಿ ಕೂತು ಮೊಬೈಲ್ ಸ್ಟಾಪ್‌ವಾಚ್ ಹಾಕಿ ಹತ್ತು ಅಲೆ ಎಣಿಸಿ. ಒಂದು ನಿಮಿಷದಲ್ಲೇ ಹತ್ತೂ ಬಂದ್ರೆ ಅದು ಇಲ್ಲೇ ಹತ್ರದ ಗಾಳಿ ಎಬ್ಬಿಸಿದ್ದು, ಎರಡು ನಿಮಿಷ ದಾಟಿದ್ರೆ ದೂರದಿಂದ ಬಂದದ್ದು, ಖುಷಿ ಪಡಿ.

ಈಗ ಒಡೆಯೋ ವಿಷ್ಯ. ನೀರು ಕಮ್ಮಿ ಆಗ್ತಾ ಬಂದ ಹಾಗೆ ಅಲೆಯ ಬುಡ ನೆಲಕ್ಕೆ ತಾಗಿ ನಿಧಾನ ಆಗತ್ತೆ, ಎತ್ತರ ಏರತ್ತೆ, ಕೊನೆಗೆ ನಿಲ್ಲೋಕಾಗದೆ ಮುಂದಕ್ಕೆ ಬೀಳತ್ತೆ. ಒಂದು ಮೀಟರ್ ಎತ್ತರದ ಅಲೆ ಸರಿಸುಮಾರು 1.3 ಮೀಟರ್ ಆಳ ಇರೋ ಕಡೆ ಒಡೆಯತ್ತೆ. ಅಂದ್ರೆ ಅಲೆ ಎಲ್ಲಿ ಒಡೀಬೇಕು, ಹೇಗೆ ಒಡೀಬೇಕು ಅಂತ ತೀರ್ಮಾನ ಮಾಡೋದು ಅಡಿಯ ಮರಳು. ಮರಳು ದಡದುದ್ದಕ್ಕೂ ಒಂದೇ ಸಮ ಇದ್ದು ಅಲೆ ನೇರವಾಗಿ ಬಂದ್ರೆ ಇಡೀ ಸಾಲು ಒಂದೇ ಸಲ ದಬಕ್ ಅಂತ ಬೀಳತ್ತೆ, ಸರ್ಫರ್‌ಗೆ ಹೋಗೋಕೆ ದಾರಿನೇ ಇರಲ್ಲ. ಬೇಕಾಗಿರೋದು ಓರೆಯಾಗಿ ಮಲಗಿರೋ ದಿಬ್ಬ, ಆಗ ಅಲೆ ಒಂದು ತುದೀಲಿ ಮೊದಲು ಒಡೆದು, ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಪಕ್ಕಕ್ಕೆ ಬಿಚ್ಚಿಕೊಳ್ತಾ ಹೋಗತ್ತೆ, ಬಿಚ್ಚೋ ಜಾಗದ ಮುಂದಿನ ನಯವಾದ ಇಳಿಜಾರಿನ ಮೇಲೇ ಸರ್ಫರ್ ಜಾರೋದು.

ಅಂಥ ದಿಬ್ಬ ಕಟ್ಟೋಕೆ ಅಳಿವೆಗಿಂತ ಒಳ್ಳೆ ಜಾಗ ಇಲ್ಲ. ಶಾಂಭವಿ, ನಂದಿನಿ ಎರಡೂ ಹೊಳೆ ಕೂಡಿ ಕಡಲು ಸೇರೋದು ಈ ಸಸಿಹಿತ್ಲು ಮುಲ್ಕಿ ಹತ್ರ. ಮಳೆಗಾಲದಲ್ಲಿ ಹೊಳೆ ಹೊತ್ತು ತಂದ ಮರಳನ್ನ ಕಡಲು ಹಿಂದಕ್ಕೆ ತಳ್ಳತ್ತೆ, ಹೊಳೆ ಮತ್ತೆ ಹೊರಗೆ ನೂಕತ್ತೆ, ಈ ಎಳೆದಾಟದಲ್ಲಿ ಅಳಿವೆ ಬಾಗಿಲಲ್ಲಿ ದಿಬ್ಬ ಏಳತ್ತೆ. ಹೊಳೆಯ ಮರಳು ಅಂದ್ರೆ ನಮಗೆ ಬರೀ ಕಟ್ಟಡದ ಸಾಮಾನು, ಆದ್ರೆ ಅದು ಬರೋದು ನಿಂತ್ರೆ ಬೀಚೂ ಸವೆಯತ್ತೆ ಅಲೆಯೂ ಹಾಳಾಗತ್ತೆ, ಇದು ನಂಗೆ ನಿಜವಾಗ್ಲೂ ಸಂಕಟದ ವಿಷ್ಯ.

ಗೋಕರ್ಣದ ಕುಡ್ಲೆ ಬೇರೆ ಥರ. ಎರಡೂ ಕಡೆ ಗುಡ್ಡ ಕಡಲಿಗೆ ಚಾಚಿಕೊಂಡಿವೆ, ಅಲೆ ಆ ಮೂಲೆಗಳ ಸುತ್ತ ಬಾಗಿ ಒಳಗೆ ಬರುವಾಗ ಅದರ ಶಕ್ತಿ ಹರಡಿಹೋಗತ್ತೆ, ಹಾಗಾಗಿ ಸಣ್ಣಕ್ಕೆ ಮೆತ್ತಗೆ ಇರತ್ತೆ, ಮೊದಲ ಸಲ ಬೋರ್ಡ್ ಮೇಲೆ ನಿಲ್ಲೋರಿಗೆ ಅಷ್ಟೇ ಸಾಕು.

ಹೊತ್ತು ಅಂದ್ರೆ ಬೆಳಗ್ಗೆನೇ. ರಾತ್ರಿ ತಣ್ಣಗಾದ ನೆಲದಿಂದ ಕಡಲ ಕಡೆ ಗಾಳಿ ಬೀಸ್ತಿರತ್ತೆ, ಅದು ಅಲೆಯ ಮುಖ ಎತ್ತಿ ಹಿಡಿಯತ್ತೆ, ಬಿಸಿಲೇರಿದ ಮೇಲೆ ಗಾಳಿ ತಿರುಗಿ ನೀರೆಲ್ಲ ಕದಡಿಹೋಗತ್ತೆ. ಜೂನ್ ಜುಲೈ ಅಂತೂ ಕಡಲಿನದ್ದೇ, ಯಾಂತ್ರಿಕ ದೋಣಿಗಳೂ ಆಗ ದಡದಲ್ಲೇ ಇರ್ತವೆ.

ಒಂದು ಮಾತ್ರ ಬಿಡಿಸಿ ಹೇಳ್ಲೇಬೇಕು. ಎರಡು ಕಡೆ ಅಲೆ ಬಿಳಿಯಾಗಿ ಒಡೀತಾ ಇದ್ದು ನಡುವೆ ಒಂದು ಪಟ್ಟಿ ನೀರು ಸುಮ್ಮನೆ, ಸ್ವಲ್ಪ ಕಪ್ಪಗೆ ಕಂಡ್ರೆ ಅದು ಈಜೋಕೆ ಒಳ್ಳೆ ಜಾಗ ಅಂತ ಅನ್ಸತ್ತೆ, ಆದ್ರೆ ಅದೇ ಅಪಾಯದ್ದು. ದಡಕ್ಕೆ ಬಂದ ನೀರೆಲ್ಲ ಆ ಆಳದ ಕಾಲುವೆ ಹಿಡಿದು ವಾಪಸ್ ಓಡ್ತಿರತ್ತೆ. ನಾನೊಮ್ಮೆ ಅದರಲ್ಲಿ ಸಿಕ್ಕಿ, ದಡದ ಕಡೆಗೇ ಕೈ ಬಡಿದೂ ಬಡಿದೂ ಸುಸ್ತಾಗಿ, ಬೋರ್ಡ್ ಇದ್ದಿದ್ದಕ್ಕೆ ಉಳ್ಕೊಂಡೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು, ಅಲೆ ಒಡೆಯೋ ಕಡೆ ಸೇರಿದ್ರೆ ಅದೇ ದಡಕ್ಕೆ ತರತ್ತೆ. ಇಳಿತದ ಹೊತ್ತಲ್ಲಿ ಅಳಿವೆ ಬಾಗಿಲಲ್ಲಿ ಈ ಸೆಳೆತ ಇನ್ನೂ ಜೋರು.

ಕಳೆದ ವರ್ಷ ಚೆನ್ನಾಗಿತ್ತು ಅಂತ ಅದೇ ಜಾಗಕ್ಕೆ ಕಣ್ಣು ಮುಚ್ಚಿ ಇಳೀಬೇಡಿ, ಒಂದು ಮಳೆಗಾಲ ಕಳೆದ್ರೆ ದಿಬ್ಬ ನೂರಾರು ಅಡಿ ಸರಿದಿರಬಹುದು. ನಾನು ಸೀಸನ್ನಿನ ಮೊದಲ ದಿನ ಬೋರ್ಡ್ ಒಯ್ಯೋದೇ ಇಲ್ಲ, ಅಮಾವಾಸ್ಯೆನೋ ಹುಣ್ಣಿಮೆನೋ ನೋಡ್ಕೊಂಡು ನೀರು ಪೂರ್ತಿ ಇಳಿದಾಗ ಅಳಿವೆ ತನಕ ನಡೀತೀನಿ, ಯಾಕಂದ್ರೆ ಆ ಹೊತ್ತಲ್ಲಿ ದಿಬ್ಬದ ಬೆನ್ನು ನೀರಿಂದ ಮೇಲೆ ಕಾಣತ್ತೆ, ಕಾಲುವೆ ಎಲ್ಲಿ ಕೊರೆದಿದೆ ಅನ್ನೋದೂ ಗೊತ್ತಾಗತ್ತೆ.